ಪಕಾರದ ಪೇಚಾಟ

ಮೊನ್ನೆ ನನ್ನ ಸೊಸೆ ಹೊಸ ಬಗೆಯಲ್ಲಿ ಉಪ್ಪಿಟ್ಟು ಮಾಡಿ ತಟ್ಟೆಯನ್ನು ಮುಂದಿಟ್ಟು, "ಹೇಗಿದೆ ಅತ್ತೆ?" ಎಂದು ಕೇಳಿದಳು. ಎರಡು ತುತ್ತು ತಿಂದೆ. ನಿಜವಾಗಿಯೂ ಚೆನ್ನಾಗಿತ್ತು. "ಪರವಾಗಿಲ್ಲ" ಎಂದೆ. ಅವಳ ಮುಖ ಸಣ್ಣದಾಯಿತು. ನನ್ನ ಮಗ ಪೇಪರಿನಿಂದ ತಲೆಯೆತ್ತಿ, "ಅಮ್ಮ ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಅರ್ಥ ಕಣೇ" ಎಂದು ಸಮಾಧಾನ ಹೇಳಿದ. "ಹಾಗಾದ್ರೆ ಅವರು ಚೆನ್ನಾಗಿದೆ ಅಂದ್ರೆ ಏನರ್ಥ?" ಎಂದಳು ಅವಳು. ಅವನು ಮತ್ತೆ ಪೇಪರಿನೊಳಗೆ ಹೋದ. ನಾನು ಉಪ್ಪಿಟ್ಟು ಮುಗಿಸಿದೆ.

ನೀವೇ ಯೋಚಿಸಿ ನೋಡಿ. ಬಸ್ಸಿನಲ್ಲಿ ಕಾಲು ತುಳಿದವರು ಮುಖ ಹಿಂಡಿಕೊಂಡರೆ ನಾವು ಪರವಾಗಿಲ್ಲ ಅನ್ನುತ್ತೇವೆ. ಜ್ವರದಲ್ಲಿ ಮಲಗಿದವರನ್ನು ಹೇಗಿದ್ದೀರಿ ಅಂದರೆ ಅವರೂ ಪರವಾಗಿಲ್ಲ ಅನ್ನುತ್ತಾರೆ. ಇನ್ನೊಂದು ದೋಸೆ ಹಾಕಲೇ ಎಂದು ಕೇಳಿದಾಗಲೂ ಪರವಾಗಿಲ್ಲ. ಅಲ್ಲಿ ಬೇಕೆಂದು ಅರ್ಥವೋ ಬೇಡವೆಂದು ಅರ್ಥವೋ ಬಡಿಸುವವಳೇ ತೀರ್ಮಾನಿಸಬೇಕು. ಇಷ್ಟೆಲ್ಲ ಕೆಲಸವನ್ನು ಒಂದೇ ಪದದ ತಲೆಗೆ ಕಟ್ಟಿ ನಾವು ನಿಶ್ಚಿಂತೆಯಿಂದ ಇದ್ದೇವೆ. ನನಗೆ ಮಾತ್ರ ಆ ನಿಶ್ಚಿಂತೆ ಇಲ್ಲ. ಈ ಪದದ ದೆಸೆಯಿಂದ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು. ಅದನ್ನೇ ಹೇಳಹೊರಟಿದ್ದೇನೆ, ನಡುವೆ ದಾರಿ ತಪ್ಪಿದರೆ ನೀವು ಎಚ್ಚರಿಸಬೇಕು.

ನಮ್ಮ ಅಪ್ಪಾಜಿ ಶಿವಮೊಗ್ಗದಲ್ಲಿ ಹೈಸ್ಕೂಲಿನ ಕನ್ನಡ ಪಂಡಿತರು. ಸವಳಂಗ ರಸ್ತೆಯಲ್ಲಿ ನಮ್ಮ ಮನೆ. ಆಗ, ಅಂದರೆ ಅರವತ್ತರ ದಶಕದ ಆರಂಭದಲ್ಲಿ, ಆ ರಸ್ತೆಯಲ್ಲಿ ಅಂಗಡಿಗಳಿಗಿಂತ ಎಮ್ಮೆಗಳು ಹೆಚ್ಚು. ಬೆಂಗಳೂರಿನಲ್ಲಿ ಯಾರೋ ವಿದ್ವಾಂಸರು ಸೇರಿ ದೊಡ್ಡ ನಿಘಂಟೊಂದನ್ನು ತಯಾರಿಸುತ್ತಿದ್ದರು. ಊರೂರಿನ ಆಸಕ್ತರು ತಮ್ಮ ಕಡೆಯ ಪದಗಳನ್ನು ಚೀಟಿಯಲ್ಲಿ ಬರೆದು ಕಳಿಸಬೇಕೆಂದು ಅವರು ಕೇಳಿಕೊಂಡಿದ್ದರು. ಅಪ್ಪಾಜಿ ಇದನ್ನು ತಮಗೊಬ್ಬರಿಗೇ ಬಂದ ಕರೆ ಎಂದು ಭಾವಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನಿರ್ಭಯವಾಗಿ ಬಾಯಿ ತೆರೆಯುವಂತಿರಲಿಲ್ಲ.

ಚೀಟಿಯ ಕ್ರಮ ಹೀಗೆ: ಮೇಲೆ ಪದ, ಅದರ ಕೆಳಗೆ ಆ ಪದ ಬಳಸಿದ ವಾಕ್ಯ, ಹೇಳಿದವರು ಯಾರು, ಎಲ್ಲಿಯವರು, ಕೊನೆಯಲ್ಲಿ ಅರ್ಥ. ವಾಕ್ಯವಿಲ್ಲದ ಪದ ಪದವೇ ಅಲ್ಲ. ಮೊದಮೊದಲು ಅಪ್ಪಾಜಿ ಉತ್ಸಾಹದಲ್ಲಿ ಬರೀ ಪದ ಮತ್ತು ಅರ್ಥ ಬರೆದು ಕಳಿಸಿದ ಕೆಲವು ಚೀಟಿಗಳು "ಪ್ರಯೋಗ ಎಲ್ಲಿ?" ಎಂಬ ಕೆಂಪು ಶಾಯಿಯ ಪ್ರಶ್ನೆಯೊಂದಿಗೆ ಹಿಂದಿರುಗಿದ್ದವು. ಅಪ್ಪಾಜಿಗೆ ಅವಮಾನವಾಯಿತು. ಆಮೇಲೆ ಅವರು ಪ್ರಯೋಗದ ಬೆನ್ನು ಹತ್ತಿದರು. ನವುಲೆಯ ಕಡೆಯಿಂದ ಮೊಸರು ತರುತ್ತಿದ್ದ ಹೆಂಗಸನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಮಳೆಗೆ ತಲೆಯ ಮೇಲೆ ಹೊದ್ದ ಕಂಬಳಿಗೆ ಕೊಪ್ಪೆ ಅನ್ನುತ್ತೀಯೋ ಗೊಪ್ಪೆ ಅನ್ನುತ್ತೀಯೋ ಎಂದು ಕೇಳುತ್ತಿದ್ದರು. ಪಂಡಿತರು ಕೇಳಿದ್ದಾರೆಂದ ಮೇಲೆ ತಾನು ಅನ್ನುವುದು ತಪ್ಪೇ ಇರಬೇಕೆಂದು ಅವಳು ಇನ್ನೊಂದನ್ನು ಹೇಳುತ್ತಿದ್ದಳು. ಎರಡನ್ನೂ ಬರೆದುಕೊಳ್ಳುತ್ತಿದ್ದರು.

ಊಟಕ್ಕೆ ಕೂತರೂ ಇದೇ. ಒಮ್ಮೆ ಅವ್ವ ಬಡಿಸಿದ ತಂಬುಳಿಯನ್ನು ಕಲಸುವುದು ಬಿಟ್ಟು, "ನೀನು ಇದಕ್ಕೆ ತಂಬುಳಿ ಅಂತೀಯೋ ತಂಬ್ಳಿ ಅಂತೀಯೋ?" ಎಂದರು.

"ಏನಂದ್ರೂ ಹುಳಿ ಅಷ್ಟೇ ಇರುತ್ತೆ. ಅನ್ನ ಆರ್ತಿದೆ, ಊಟ ಮಾಡ್ರಿ" ಎಂದಳು ಅವ್ವ.

ಅಪ್ಪಾಜಿಯನ್ನು ನಿಜವಾಗಿಯೂ ನಿದ್ದೆಗೆಡಿಸುತ್ತಿದ್ದ ಪ್ರಶ್ನೆ ಅದು. ಜನ ತಂಬ್ಳಿ ಅನ್ನುತ್ತಾರೆ, ಬರೆಯುವಾಗ ತಂಬುಳಿ ಬರೆಯುತ್ತಾರೆ. ನಿಘಂಟಿನಲ್ಲಿ ಯಾವುದಕ್ಕೆ ಮಣೆ ಹಾಕಬೇಕು, ಯಾವುದರ ಮುಂದೆ ಬರೀ "ನೋಡಿ" ಎಂದು ಬರೆದು ಇನ್ನೊಂದರ ಮನೆಗೆ ಕಳಿಸಬೇಕು? ಹಳೆಯ ರೂಪವೇ ದೊಡ್ಡದೋ, ಹೆಚ್ಚು ಜನ ಆಡುವ ರೂಪವೋ? ಅಷ್ಟೇಕೆ, ನಮ್ಮ ಊರಿನ ಹೆಸರೇ ಇನ್ನೂ ಒಂದು ನೆಲೆಗೆ ನಿಂತಿರಲಿಲ್ಲ. ಒಬ್ಬರು ಶಿವಮೊಗ್ಗ ಎಂದು ಬರೆದರೆ ಇನ್ನೊಬ್ಬರು ಶಿವಮೊಗ್ಗೆ ಎಂದು ಬರೆಯುತ್ತಿದ್ದರು, ಇಂಗ್ಲಿಷ್ ಕಲಿತವರು ಷಿಮೊಗ ಎಂದು ಅರ್ಧಕ್ಕೇ ಇಳಿದುಬಿಡುತ್ತಿದ್ದರು. ಇಂಥ ಊರಿನಲ್ಲಿ ಕೂತು ಬೇರೆ ಪದಗಳಿಗೆ ನ್ಯಾಯ ಹೇಳುವುದು ಕಷ್ಟವೇ ಸರಿ.

ನನ್ನ ಅಕ್ಷರ ಗುಂಡಗಿತ್ತು. ಹೀಗಾಗಿ ಚೀಟಿಗಳ ಶುದ್ಧಪ್ರತಿ ಮಾಡುವುದು ನನ್ನ ಪಾಲಿಗೆ ಬಂತು. ಅವ್ವನ ಬೆಲ್ಲದ ಡಬ್ಬಗಳನ್ನು ಅಪ್ಪಾಜಿ ಚೀಟಿಗಳಿಗೆಂದು ವಶಪಡಿಸಿಕೊಂಡಿದ್ದರು. ಸರಿಯಾಗಿ ತೊಳೆಯದ ಒಂದು ಡಬ್ಬಕ್ಕೆ ಇರುವೆ ಮುತ್ತಿ, ದಕಾರದ ಅರ್ಧ ಪದಗಳು ಅಂಚು ಕಳೆದುಕೊಂಡವು. ನೋಡಿ, ದಾರಿ ತಪ್ಪಿದೆ. ಮದುವೆಗೆ ಬರುತ್ತೇನೆ.

ಅಪ್ಪಾಜಿಯ ತಂಗಿ ನೀಲಮ್ಮತ್ತೆ ಭದ್ರಾವತಿಯ ನ್ಯೂ ಟೌನಿನಲ್ಲಿದ್ದರು. ಮಾವನವರಿಗೆ ಕಾರ್ಖಾನೆಯಲ್ಲಿ ಕೆಲಸ. ರಜೆಯಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಅವರ ಸಾಲಿನ ಮನೆಗಳಲ್ಲಿ ಒಂದು ಕಡೆ ತಮಿಳು, ಇನ್ನೊಂದು ಕಡೆ ತೆಲುಗು, ಹಿಂದಿನ ಸಾಲಿನಲ್ಲಿ ದಖನಿ ಉರ್ದು; ಕಾರ್ಖಾನೆಯ ಸೈರನ್ ಒಂದೇ ಎಲ್ಲರಿಗೂ ಅರ್ಥವಾಗುವ ಭಾಷೆ. ಪಕ್ಕದ ಮನೆಯ ತೆಲುಗಿನವರೂ ನಮ್ಮಂತೆ ಲಿಂಗವಂತರೇ, ಕರ್ನೂಲಿನ ಕಡೆಯಿಂದ ಬಂದವರು. ತಾಯಿ, ಮಗ ಇಬ್ಬರೇ. ಮಗನ ಹೆಸರು ಮಲ್ಲಿಕಾರ್ಜುನ, ಅವನಿಗೂ ಕಾರ್ಖಾನೆಯಲ್ಲೇ ಕೆಲಸ. ಒಂದು ಬೆಳಿಗ್ಗೆ ಸಾಲಿನ ನಲ್ಲಿಯ ಹತ್ತಿರ ನಾನು ಬಿಂದಿಗೆ ಹಿಡಿದು ಹೋದಾಗ ಅವನ ಬಕೆಟ್ಟು ಮುಂದಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ನೀವು ಹಿಡಿಯಿರಿ ಎಂದು ಕೈಯಲ್ಲೇ ತೋರಿಸಿದ. "ನಿಮ್ಮದು ಮೊದಲಿತ್ತಲ್ಲ" ಎಂದೆ. "ಪರವಾಲೇದು" ಎಂದ, ನಮ್ಮ ಪರವಾಗಿಲ್ಲವನ್ನೇ ತೆಲುಗಿನಲ್ಲಿ. ನಮ್ಮ ಪ್ರೇಮ ಕಥೆ ಅಂತ ಇದ್ದರೆ ಅದು ಇಷ್ಟೇ. ಆದರೆ ಆ ಬಿಂದಿಗೆ ತುಂಬಲು ಬಹಳ ಹೊತ್ತು ಹಿಡಿಯಿತು, ಅಥವಾ ನನಗೆ ಹಾಗನ್ನಿಸಿತು.

ನೀಲಮ್ಮತ್ತೆಯ ಕಣ್ಣು ಚುರುಕು. ಮುಂದಿನ ತಿಂಗಳು ಶಿವಮೊಗ್ಗಕ್ಕೆ ಬಂದವರು ಅಪ್ಪಾಜಿಯ ಮುಂದೆ ಕಾಫಿ ಲೋಟ ಇಟ್ಟು, ಪಕ್ಕದ ಮನೆಯ ಹುಡುಗನ ವಿಷಯ ಎತ್ತಿದರು. ಒಳ್ಳೆಯ ಮನೆತನ, ಒಳ್ಳೆಯ ನೌಕರಿ, ತೆಲುಗು ಎಂಬುದೊಂದು ಬಿಟ್ಟರೆ ನಮ್ಮವರೇ, ತಾಯಿಗೂ ಗಿರಿಜಾನ ಮೇಲೆ, ಅಂದರೆ ನನ್ನ ಮೇಲೆ, ಮನಸ್ಸಿದೆ. ಅಪ್ಪಾಜಿ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಚೀಟಿಗಳನ್ನು ಹರಡಿಕೊಂಡು ಕೂತಿದ್ದರು. ತಲೆ ಎತ್ತಲಿಲ್ಲ. ಒಂದು ಗುಟುಕು ಕುಡಿದರು.

"ಸಕ್ಕರೆ ಕಮ್ಮಿ ಆಯ್ತೇನೋ" ಎಂದರು ಅತ್ತೆ. ಅದೇ ಉಸಿರಿನಲ್ಲಿ, "ಹುಡುಗನ ವಿಷಯ ಏನಂತೀಯ ಅಣ್ಣ?" ಎಂದೂ ಕೇಳಿದರು.

"ಪರವಾಗಿಲ್ಲ" ಎಂದರು ಅಪ್ಪಾಜಿ. ಶಾಲೆಗೆ ಹೊತ್ತಾಯಿತೆಂದು ಎದ್ದು ಕೊಡೆ ಹಿಡಿದು ಹೊರಟರು.

ಬಾಗಿಲ ಹಿಂದೆ ನಿಂತಿದ್ದ ನನಗೆ ನೆಲ ಕಾಣಲಿಲ್ಲ. ಪರವಾಗಿಲ್ಲವಂತೆ. ಸಂತೋಷವಾಯಿತು. ಬಾವಿಕಟ್ಟೆಯವರೆಗೆ ಹೋಗುವಷ್ಟರಲ್ಲಿ ಆ ಸಂತೋಷ ಅರ್ಧವಾಯಿತು. ಪರವಾಗಿಲ್ಲ ಅಂದರೆ ಸುಮಾರು, ನಡೆದೀತು ಎಂದಲ್ಲವೇ? ನನ್ನ ಹುಡುಗ ಬರೀ ನಡೆದೀತು ಅನ್ನುವಂಥವನೇ? ಕೋಪ ಬಂತು. ನೀರು ಸೇದಿ ಹಿಂದಿರುಗುವಾಗ ಅಷ್ಟಾದರೂ ಅಂದರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ಭಾನುವಾರ ನೀಲಮ್ಮತ್ತೆ ಮತ್ತೆ ಬಂದರು. ಅಪ್ಪಾಜಿ ಮನೆಯಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಕೂತು, "ಪಕ್ಕದ ಮನೆಯವ್ರಿಗೆ ಹೇಳ್ಬಿಟ್ಟೆ ಅತ್ತಿಗೆ. ನಮ್ಮಣ್ಣ ಈ ಸಂಬಂಧದ ಪರವಾಗಿಲ್ಲ ಅಂತ" ಎಂದರು.

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. "ಅಯ್ಯೋ, ಅವ್ರು ಪರವಾಗಿಲ್ಲ ಅಂದಿದ್ದು ಅಡ್ಡಿಯಿಲ್ಲ ಅಂತ ಅಲ್ವೇನೇ?"

"ಅದು ನಾವು ನೀವು ಅಂದ್ರೆ. ಅಣ್ಣ ಪಂಡಿತ. ಅವನು ಆಡೋದು ಗ್ರಂಥದ ಕನ್ನಡ. ಅಡ್ಡಿಯಿಲ್ಲ ಅನ್ನೋಕೆ ಅಡ್ಡಿಯಿಲ್ಲ ಅಂತಾನೇ ಅಂತಿದ್ದ. ಪರವಾಗಿ ಇಲ್ಲ ಅಂದ. ಅಂದ್ರೆ ವಿರುದ್ಧವಾಗಿದಾನೆ."

ಅತ್ತೆಯ ಮಾತಿನಲ್ಲಿ ತರ್ಕವಿತ್ತು, ಅದೇ ನನ್ನನ್ನು ಕೊಂದದ್ದು. ಅಪ್ಪಾಜಿ ಬಿಂದಿಗೆಗೆ ಕುಂಭ ಅನ್ನುವವರಲ್ಲದಿದ್ದರೂ, ನೆಂಟರ ಮುಂದೆ ನಾಲ್ಕು ಮಾತು ವ್ಯಾಕರಣಬದ್ಧವಾಗಿ ಆಡುವ ಚಪಲ ಅವರಿಗಿತ್ತು. ಅವರನ್ನೇ ಕೇಳಿಬಿಡಿ ಅಂದರೆ ಅವ್ವ ಒಪ್ಪಲಿಲ್ಲ. "ಒಂದ್ಸಲ ಆಡಿದ ಮಾತಿನ ಅರ್ಥ ಕೇಳಿದ್ರೆ ನಾನೇನು ಚೀನೀ ಭಾಷೆ ಆಡಿದ್ನಾ ಅಂತ ಎರಡು ದಿನ ಮುನಿಸ್ಕೋತಾರೆ" ಎಂದಳು. ಇಷ್ಟರಲ್ಲಿ ಅತ್ತೆ ಇನ್ನೊಂದು ಸುದ್ದಿಯನ್ನೂ ಹೊರಗೆ ಹಾಕಿದರು. ನಮ್ಮ ಕಡೆಯಿಂದ ಇಲ್ಲವೆಂದ ಮೇಲೆ ಕರ್ನೂಲಿನಿಂದ ಒಬ್ಬ ಹುಡುಗಿಯ ಫೋಟೊ ಬಂದಿದೆಯಂತೆ. ಅದನ್ನು ಆ ತಾಯಿ ದೇವರ ಗೂಡಿನ ಪಕ್ಕದಲ್ಲೇ ನಿಲ್ಲಿಸಿದ್ದಾರಂತೆ.

ಆ ಸಂಜೆ ಖಾದರ್ ಸಾಹೇಬರು ಬಂದರು. ಬಜಾರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು, ಅಪ್ಪಾಜಿಯ ಸ್ನೇಹಿತರು. ಕನ್ನಡದ ಅರ್ಧ ಪದಗಳು ತಮ್ಮವೇ ಎಂದು ಅವರ ವಾದ. ಕಾಗದ, ದವಾಖಾನೆ, ಜಮೀನು ಎಲ್ಲ ಗೆದ್ದುಕೊಂಡಿದ್ದರು. ಒಮ್ಮೆ ಉತ್ಸಾಹದಲ್ಲಿ ಮಜ್ಜಿಗೆಯನ್ನೂ ಕೇಳಿ ಅಪ್ಪಾಜಿಯಿಂದ ಬೈಸಿಕೊಂಡಿದ್ದರು. ಅಪ್ಪಾಜಿ ಬರುವವರೆಗೆ ಜಗಲಿಯಲ್ಲಿ ಕೂತ ಅವರನ್ನು, ಏನೂ ಗೊತ್ತಿಲ್ಲದವಳಂತೆ ಕೇಳಿದೆ.

"ಪರವಾಗಿಲ್ಲ ನಾ? ಅದು ನಮ್ದು ಬೇಟಿ. ಪರ್ವಾ ಅಂದ್ರೆ ಚಿಂತೆ. ಪರ್ವಾ ನೈ, ಚಿಂತೆ ಇಲ್ಲ. ಅಷ್ಟೇ."

ನನಗೆ ಹೋದ ಜೀವ ಬಂತು. ಸಾಹೇಬರು ಅಲ್ಲಿಗೆ ನಿಲ್ಲಿಸಬಾರದಿತ್ತೇ?

"ಆದ್ರೆ ಬೇಪರ್ವಾ ಅಂತಾನೂ ಇದೆ. ಯಾರಿಗೆ ಏನಾದ್ರೂ ನನಗೇನು ಅಂತ ಇರೋನು. ಮನೆ ಕಡೆ ಲಕ್ಷ್ಯ ಇಲ್ಲದೋನು. ನಿಮ್ಮಪ್ಪನ ಥರ" ಎಂದು ನಕ್ಕರು.

ಅಂದರೆ ಅಪ್ಪಾಜಿ ಹೇಳಿದ್ದು ಒಳ್ಳೆಯವನು ಎಂದಿರಬಹುದು, ಸುಮಾರಾಗಿದ್ದಾನೆ ಎಂದಿರಬಹುದು, ಒಲ್ಲೆ ಎಂದಿರಬಹುದು, ಏನಾದರೂ ಮಾಡಿಕೊಳ್ಳಿ ನನಗೇನು ಎಂದೂ ಇರಬಹುದು. ಒಂದು ಪದ ನನ್ನ ಬಾಳನ್ನು ನಾಲ್ಕು ಕಡೆಗೆ ಎಳೆದಾಡುತ್ತಿತ್ತು. ನಿಘಂಟಿನವರು ಇಂಥ ಹೊತ್ತಿನಲ್ಲಿ ಒಂದು, ಎರಡು ಎಂದು ಅಂಕಿ ಹಾಕಿ ಎಲ್ಲ ಅರ್ಥಗಳನ್ನೂ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾನು ಎಲ್ಲವನ್ನೂ ಮದುವೆಯಾಗುವಂತಿರಲಿಲ್ಲ.

ಆಗ ಹೊಳೆಯಿತು. ಮಗಳಾಗಿ ಕೇಳಲಾಗದ್ದನ್ನು ಶುದ್ಧಪ್ರತಿ ಮಾಡುವವಳಾಗಿ ಕೇಳಬಹುದಲ್ಲ. ಮನೆಯಲ್ಲಿ ಆಗ ನಕಾರ ನಡೆಯುತ್ತಿತ್ತು. ಅಕ್ಷರದ ಮಾತು ಹೇಳುತ್ತಿದ್ದೇನೆ. ನಕಾರ ಮುಗಿದು ಪಕಾರ ಬರುವಷ್ಟರಲ್ಲಿ ಕರ್ನೂಲಿನ ಹುಡುಗಿ ಭದ್ರಾವತಿಗೆ ಬಂದು ನಲ್ಲಿಯಲ್ಲಿ ನೀರು ಹಿಡಿಯುತ್ತಿರುತ್ತಿದ್ದಳು. ಹಾಗಾಗಿ ಮರುದಿನ ಸಂಜೆಯೇ, "ಅಪ್ಪಾಜಿ, ಪರವಾಗಿಲ್ಲ ಅನ್ನೋದನ್ನ ಎಲ್ಲಿ ಸೇರಿಸ್ಬೇಕು?" ಎಂದೆ.

ಅಪ್ಪಾಜಿಯ ಮುಖ ಅರಳಿತು. ಕನ್ನಡಕ ತೆಗೆದು ಒರೆಸಿಕೊಂಡರು. "ಒಳ್ಳೇ ಪದ ಹಿಡಿದೆ ನೋಡು. ಅದು ಕಳ್ಳ ಪದ. ಪರವಾ ಅನ್ನೋದೊಂದಿದೆ, ಸಾಹೇಬ್ರದ್ದು. ಆದ್ರೆ ಕನ್ನಡದಲ್ಲಿ ಪರವಾ ಅಂತ ಒಂಟಿಯಾಗಿ ಯಾರು ಅಂತಾರೆ? ಇಲ್ಲ ಜೊತೆಗಿದ್ರೇನೇ ಅದಕ್ಕೆ ಜೀವ. ಚೆನ್ನಾಗಿಲ್ಲಕ್ಕೆ ಚೆನ್ನಾಗಿದೆ ಇದೆ. ಪರವಾಗಿಲ್ಲಕ್ಕೆ ಪರವಾಗಿದೆ ಅಂತ ಇದೆಯಾ? ಇಲ್ಲ. ಬರೀ ಇಲ್ಲದಲ್ಲೇ ಬದುಕೋ ಪದ. ಮತ್ತೆ ನಡುವೆ ಆ ಗಕಾರ ಎಲ್ಲಿಂದ ಬಂತು? ನಮ್ಮ ಜನ ಪರ ಅನ್ನೋದರ ಜೊತೆ ಬೆರೆಸ್ಬಿಟ್ಟಿದಾರೆ. ಈಗ ಪರದ ಕೆಳಗೆ ಹಾಕಿದ್ರೆ ಸಾಹೇಬ್ರು ಜಗಳಕ್ಕೆ ಬರ್ತಾರೆ, ಪರವಾದ ಕೆಳಗೆ ಹಾಕಿದ್ರೆ ಹುಡುಕೋನಿಗೆ ಸಿಗಲ್ಲ."

"ಅರ್ಥ?" ಎಂದೆ.

"ಪ್ರಯೋಗ ಇಲ್ಲದೆ ಅರ್ಥ ಹೇಳೋದು ಹೆಂಗೆ? ವಾಕ್ಯ ಬರಿ."

ಚೀಟಿ ತೆಗೆದುಕೊಂಡು ಬರೆದೆ. ಗುಂಡಗಿನ ನನ್ನ ಅಕ್ಷರ ಅಂದು ಎಲ್ಲೆಲ್ಲೋ ಹೋಯಿತು. "ಹುಡುಗ ಪರವಾಗಿಲ್ಲ." ಅಪ್ಪಾಜಿ ಓದಿದರು. ತಲೆಯಾಡಿಸಿದರು.

"ಇಷ್ಟು ಸಾಲ್ದು. ಯಾವ ಹುಡುಗ? ಯಾರು ಅಂದಿದ್ದು? ಯಾವಾಗ? ಜ್ವರ ಬಂದ ಹುಡುಗನ ವಿಷಯ ಆದ್ರೆ ಒಂದರ್ಥ, ಪರೀಕ್ಷೆ ಬರೆದ ಹುಡುಗನ ವಿಷಯ ಆದ್ರೆ ಇನ್ನೊಂದರ್ಥ. ಸಂದರ್ಭ ಹೇಳು."

ನಾನು ಲೆಕ್ಕಣಿಕೆ ಕೆಳಗಿಟ್ಟೆ. ಒಳಗೆ ಅವ್ವ ಪಾತ್ರೆಯ ಸದ್ದು ನಿಲ್ಲಿಸಿದ್ದಳು. "ಭದ್ರಾವತಿ ಹುಡುಗ ಅಪ್ಪಾಜಿ. ಅಂದಿದ್ದು ನೀವು" ಎಂದೆ.

"ನಾನಾ? ಯಾವ ಭದ್ರಾವತಿ ಹುಡುಗ?"

ಅವರ ಮುಖ ನೋಡಿದರೆ ನಾಟಕವಲ್ಲ. ಹೇಳಿದೆ. ಅತ್ತೆ ಬಂದದ್ದು, ಪಕ್ಕದ ಮನೆಯ ಸಂಬಂಧ ಹೇಳಿದ್ದು, ಕಾಫಿ ಕೊಟ್ಟದ್ದು. ಅಪ್ಪಾಜಿ ಬಹಳ ಹೊತ್ತು ನೆನಪು ಮಾಡಿಕೊಂಡರು.

"ನೀಲ ಸಕ್ಕರೆ ಕಮ್ಮಿ ಆಯ್ತಾ ಅಂತ ಕೇಳಿದ್ಳು. ನಾನು ಅದಕ್ಕೆ ಅಂದಿದ್ದು" ಎಂದರು.

ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಒಂದು ವಾರದಿಂದ ನಾನು ತಲೆದಿಂಬು ಒದ್ದೆ ಮಾಡಿಕೊಂಡದ್ದು ಒಂದು ಚಮಚ ಸಕ್ಕರೆಗಾಗಿ. ಅಳುವೇ ಗೆದ್ದಿತು. ಅಪ್ಪಾಜಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನನ್ನ ಅಳು ಕಂಡ ಮೇಲೆ ಅವರಿಗೆ ಸಂದರ್ಭ ಪೂರ್ತಿ ತಿಳಿದಿರಬೇಕು. ಯಾವತ್ತೂ ಇಲ್ಲದಷ್ಟು ಮೆತ್ತಗೆ ಕೇಳಿದರು.

"ನಾನು ಅವನ ವಿಷಯ ಏನೂ ಅಂದೇ ಇಲ್ಲ. ಹಂಗಾದ್ಮೇಲೆ ಈ ವಾಕ್ಯಕ್ಕೆ ಇನ್ನೂ ಅರ್ಥ ಇಲ್ಲ. ನಿನಗೆ ಯಾವ ಅರ್ಥ ಬೇಕು ಹೇಳು, ಗಿರಿಜಾ."

ಹೇಳಲು ನನ್ನಿಂದ ಆಗಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮರುದಿನ ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಕೋಟು ತೊಟ್ಟು, ನನ್ನನ್ನೂ ಕರೆದುಕೊಂಡು ಭದ್ರಾವತಿಯ ರೈಲು ಹತ್ತಿದರು. ಎದುರಿನ ಸೀಟಿನವರು ಯಾವುದೋ ಅಪರೂಪದ ಪದ ಆಡಿದರು, ಅದನ್ನೂ ಬರೆದುಕೊಳ್ಳಲಿಲ್ಲ. ಅದರಿಂದಲೇ ಅವರಿಗೂ ಭಯವಾಗಿದೆ ಎಂದು ನನಗೆ ಗೊತ್ತಾಯಿತು.

ಅತ್ತೆ ಮನೆಯಲ್ಲಿರಲಿಲ್ಲ, ಸೊಸೈಟಿಗೆ ಹೋಗಿದ್ದರು. ಗಂಡಿನ ಮನೆಗೆ ಹೆಣ್ಣು ತಾನಾಗಿ ಕಾಲಿಡುವ ಕಾಲವಲ್ಲ ಅದು. ನಾನು ಅತ್ತೆಯ ಹಿತ್ತಲಿನಲ್ಲಿ, ಎರಡು ಮನೆಗಳ ನಡುವಿನ ಗಿಡ್ಡ ಗೋಡೆಗೆ ಬೆನ್ನು ಕೊಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅಪ್ಪಾಜಿ ಪಕ್ಕದ ಮನೆಗೆ ಒಬ್ಬರೇ ಹೋದರು.

"ಕೂರ್ಚೋಂಡಿ ಸ್ವಾಮಿ" ಎಂದಿತು ಹೆಂಗಸಿನ ದನಿ. ಕೂತುಕೊಳ್ಳಿ ಎಂದು ಅದರರ್ಥ. ಅಪ್ಪಾಜಿ ಕುರ್ಚಿ ಎಲ್ಲಿದೆಯೆಂದು ಹುಡುಕಿರಬೇಕು, ಸ್ವಲ್ಪ ಹೊತ್ತು ಅವರ ಚಪ್ಪಲಿ ಬಿಟ್ಟ ಕಾಲುಗಳು ಅತ್ತಿತ್ತ ಸರಿದಾಡುವ ಸದ್ದಾಯಿತು. ಆಮೇಲೆ ಚಾಪೆ ಸರಿದ ಸದ್ದು. ಅಪ್ಪಾಜಿ ನಿಧಾನವಾಗಿ, ತರಗತಿಯಲ್ಲಿ ಪಾಠ ಹೇಳುವಂತೆ ಎಲ್ಲ ಹೇಳಿದರು. ತಂಗಿ ಕೇಳಿದ್ದು, ತಾನು ಕೇಳಿಸಿಕೊಳ್ಳದೆ ಉತ್ತರ ಕೊಟ್ಟದ್ದು, ಆ ಉತ್ತರ ಬೇರೆಯೇ ಅರ್ಥ ಹೊತ್ತು ಈ ಮನೆಗೆ ಬಂದದ್ದು. "ನಮ್ಮಿಂದ ನಿಮಗೆ ನೋವಾಗಿದೆ. ಮನಸ್ಸಿನಲ್ಲಿ ಇಟ್ಕೋಬೇಡಿ ಅಮ್ಮ. ಹುಡುಗನ್ನ ನಮಗೆ ಕೊಡ್ತೀರಾ ಅಂತ ಕೇಳೋಕೆ ಬಂದಿದೀನಿ" ಎಂದರು.

ಆಮೇಲೆ ಆಕೆ ಹೇಳಿದರು.

"ಪರವಾಲೇದು."

ನಾನು ಬಾಯಿಗೆ ಸೆರಗು ತುಂಬಿಕೊಂಡೆ.

ನಡೆದದ್ದು ನಡೆದುಹೋಯಿತು, ಬಿಡಿ, ನಮಗೆ ಕರ್ನೂಲಿನ ಹುಡುಗಿ ಸಿಕ್ಕಿದ್ದಾಳೆ ಎಂದೋ? ಕೊಡುತ್ತೇವೆ, ಅಡ್ಡಿಯಿಲ್ಲ ಎಂದೋ? ಅಪ್ಪಾಜಿಯೂ ಅದೇ ಕೆಸರಿನಲ್ಲಿ ಸಿಕ್ಕಿಕೊಂಡಿದ್ದರು. ಅಷ್ಟು ವರ್ಷ ಪದ ಕೂಡಿಸಿದ ಮನುಷ್ಯ ಉಗುಳು ನುಂಗಿದ್ದು ಗೋಡೆಯ ಈಚೆಗೂ ಕೇಳಿಸಿತು.

"ಅಮ್ಮ, ಕೈ ಮುಗಿದು ಕೇಳ್ತೀನಿ, ಆ ಪದ ಬೇಡ. ಕನ್ನಡಾನೂ ಬೇಡ, ತೆಲುಗೂ ಬೇಡ. ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ" ಎಂದರು.

ಆಕೆ ನಕ್ಕರು ಎಂದು ಕಾಣುತ್ತದೆ. ನಗುವಿನ ನಡುವೆಯೇ ಉದ್ದನೆಯ ಊಕಾರವೊಂದು ಬಂತು. ಹೂಂ ಇರಬಹುದು, ಊಹೂಂನ ಮೊದಲ ಅರ್ಧವೂ ಇರಬಹುದು. ನಗು ಎಲ್ಲಿ ಮುಗಿಯಿತು, ಊಕಾರ ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ಕಲ್ಲಿನ ಮೇಲೆ ಉಸಿರು ಹಿಡಿದು ಕೂತೆ. ಎರಡನೆಯ ಅರ್ಧ ಬರಲಿಲ್ಲ. ಅದರ ಬದಲು ಅಪ್ಪಾಜಿಯ ದನಿ, ಪಂಡಿತರ ಗಾಂಭೀರ್ಯವನ್ನೆಲ್ಲ ಬಿಟ್ಟು, ಇಡೀ ಸಾಲಿಗೆ ಕೇಳುವಂತೆ ಗೋಡೆ ಹಾರಿ ಬಂತು.

"ಗಿರಿಜಾ, ಹೂಂ ಅಂದ್ರಮ್ಮ."

ನಾನು ಮಂಡಿಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ಸುಖವಾಗಿ ನಾನು ಆಮೇಲೆ ಎಂದೂ ಅತ್ತಿಲ್ಲ. ಅದೇ ಹೊತ್ತಿಗೆ ನೀಲಮ್ಮತ್ತೆ ಸೊಸೈಟಿಯಿಂದ ಅಕ್ಕಿ ಚೀಲ ಹೊತ್ತು ಹಿತ್ತಲಿಗೆ ಬಂದರು. "ಯಾಕೆ ಮಾರಾಯ್ತಿ, ಏನಾಯ್ತು? ಬೇಡ ಅಂದ್ಬಿಟ್ರಾ?" ಎಂದರು. ಮಾತು ಹೊರಡದೆ ನಾನು ತಲೆಯಾಡಿಸಿದೆ. ಮೇಲಕ್ಕೂ ಕೆಳಕ್ಕೂ ಆಡಿಸಿದೆನೋ ಅಡ್ಡಡ್ಡ ಆಡಿಸಿದೆನೋ, ಈಗಲೂ ನನಗೆ ನೆನಪಿಲ್ಲ. ನೀಲಮ್ಮತ್ತೆ ಅಕ್ಕಿ ಚೀಲವನ್ನು ಕೆಳಗಿಟ್ಟು, ನನ್ನ ಪಕ್ಕದಲ್ಲಿ ಕೂತು, ನನ್ನನ್ನು ತಬ್ಬಿಕೊಂಡು ತಾವೂ ಜೋರಾಗಿ ಅಳತೊಡಗಿದರು.